ಧೂಳು ಹೀರುವ ಯಂತ್ರಗಳೆರಡು, ನೆಲ ಒಂದು

ಹೆಂಡತಿಯ ಅಕ್ಕನ ಗಂಡ ನಮಗಿಂತ ಶ್ರೀಮಂತನಾಗಿರಬಾರದು. ಈ ಮಾತನ್ನು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಬರೆದಿದ್ದರೆ ನಾನು ಮದುವೆಗೆ ಮೊದಲೇ ಓದಿಕೊಳ್ಳುತ್ತಿದ್ದೆ. ನಾನು ಯಲಬುರ್ಗಿಯಲ್ಲಿ ಸಾಲೆಯ ಮಾಸ್ತರ. (ಓದುವುದೊಂದು ಬಿಟ್ಟರೆ ಈತನಿಗೆ ಮತ್ತೇನೂ ಬಾರದೆಂದು ನನ್ನ ಹೆಂಡತಿ ಕಳಕಮ್ಮನ ಅಭಿಪ್ರಾಯ.) ನನ್ನ ಷಡ್ಡಕರಾದ ದೇವೇಂದ್ರಪ್ಪನವರಿಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿ. ಆ ಗಿರಣಿಯ ದೆಸೆಯಿಂದ ಅವರ ಮನೆಗೆ ಶಹಾಬಾದಿ ಕಲ್ಲಿನ ನೆಲ ಬಂತು. ಆ ನೆಲದ ದೆಸೆಯಿಂದ ನನ್ನ ಮನೆಯ ನೆಮ್ಮದಿ ಹೋಯಿತು.

“ಅಕ್ಕನ ಮನ್ಯಾಗ ನೆಲ ಒರಿಸಿದ್ರ ಮಾರಿ ಕಾಣತೈತಿ,” ಎಂದಳು ಕಳಕಮ್ಮ. “ನಮ್ಮ ನೆಲದಾಗ ಏನ್ ಕಾಣತೈತಿ? ಇರವಿ ಕಾಣತಾವ.”

“ಸೆಗಣಿ ಸಾರಿಸಿದ ನೆಲ ತಂಪು ಇರತೈತಿ. ಮೈಗೂ ಛಲೋ.”

“ತಂಪು ಖರೇ ರೀ. ಸಾರಸೋ ಕೈ ನಿಮ್ಮವಲ್ಲ, ಅದಕ್ಕ ಇನ್ನಷ್ಟು ತಂಪು.”

ಕಲ್ಲು ಹಾಕಿಸಲು ನನ್ನಲ್ಲಿ ದುಡ್ಡು ಇರಲಿಲ್ಲವೆಂದಲ್ಲ, ಇತ್ತು. ಆದರೆ ಅದು ಮೂರು ವರ್ಷದಿಂದ ಒಂದು ಸೈಕಲ್ಲಿಗೆಂದು ಕೂಡಿಟ್ಟದ್ದು. ಯಲಬುರ್ಗಿಯ ಬೀದಿಯಲ್ಲಿ ಗಂಟೆ ಬಾರಿಸುತ್ತ ನಾನು ಸಾಲೆಗೆ ಹೋಗುವುದನ್ನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದೆನೆಂದರೆ, ಎಚ್ಚರವಾದ ಮೇಲೂ ಕಾಲು ತುಳಿಯುತ್ತಿದ್ದವು. ಆ ಸೈಕಲ್ಲನ್ನು ಕಲ್ಲು ಮಾಡಿ ನೆಲಕ್ಕೆ ಹಾಸುವುದೇ?

ಆಗ ಎರಡನೆಯ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಬಳ್ಳಾರಿಯಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ಸಾಮಾನೆಲ್ಲ ಹರಾಜು ಹಾಕಿ ತನ್ನ ಸೀಮೆಗೆ ಹೊರಟ. ದೇವೇಂದ್ರಪ್ಪನವರು ಆ ಹರಾಜಿನಲ್ಲಿ ಎರಡು ಯಂತ್ರಗಳನ್ನು ಹಿಡಿದುಕೊಂಡು ಬಂದು ನೇರ ನಮ್ಮ ಮನೆಯ ಮುಂದೆ ಬಂಡಿ ನಿಲ್ಲಿಸಿದರು.

“ಇವು ಧೂಳು ಹೀರೋ ಮಿಷಿನ್ ರೀ ಮಾಸ್ತರ,” ಎಂದರು. “ಕರೆಂಟ್ ಬೇಕಾಗಿಲ್ಲ, ಕೈಲೇ ನಡೀತಾವ. ಒಂದು ನಾ ಇಟ್ಕೋಬೇಕು, ಒಂದು ಮಾರಬೇಕು. ಯಾವುದು ಗಟ್ಟಿ ಬಾಳತೈತಿ, ಯಾವುದಕ್ಕ ಖರ್ಚು ಕಮ್ಮಿ, ನೋಡಿ ಹೇಳ್ರಿ. ನೀವು ಓದಿದವರು.”

ಕಮ್ಮಾರನ ತಿದಿ ಗಾಳಿ ಊದುತ್ತದೆ. ಇವುಗಳ ಹೊಟ್ಟೆಯೊಳಗಿನ ತಿದಿ ಗಾಳಿ ಎಳೆಯುತ್ತಿತ್ತು. ಒಂದು ಕರಿಯದು, ಗಾಲಿಯ ಮೇಲೆ ದೂಡುವಂಥದು. ಗಾಲಿ ತಿರುಗಿದಂತೆ ತಿದಿ ಆಡುತ್ತಿತ್ತು. ಇನ್ನೊಂದು ಕೆಂಪು ಡಬ್ಬಿ. ಅದಕ್ಕೆ ಒಬ್ಬರು ನಿಂತು ಹಿಡಿಕೆ ಒತ್ತಬೇಕು, ಇನ್ನೊಬ್ಬರು ಕೊಳವೆ ಹಿಡಿದು ನೆಲದ ಮೇಲೆ ಆಡಿಸಬೇಕು. ಎರಡೂ ಧೂಳನ್ನು ಹೊಟ್ಟೆಯ ಚೀಲದಲ್ಲಿ ತುಂಬಿಕೊಳ್ಳುತ್ತಿದ್ದವು. ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಧೂಳೇ ಇಲ್ಲದ ಮನೆಗೆ ಕಲ್ಲೇಕೆ?

ಅಂದೇ ಸಂಜೆ ಕಳಕಮ್ಮನೊಂದಿಗೆ ಕರಾರಾಯಿತು. ಒಂದು ತಿಂಗಳು ಬೆಳಿಗ್ಗೆ ಕರಿಯದು, ಸಂಜೆ ಕೆಂಪಿನದು ನಡೆಸುವುದು. ಧೂಳು ದಿನದಿಂದ ದಿನಕ್ಕೆ ಇಳಿದು ತಿಂಗಳಿಗೆ ನಿಂತೇಹೋದರೆ ಆಕೆ ಕಲ್ಲಿನ ಸುದ್ದಿಯನ್ನು ಈ ಜನ್ಮದಲ್ಲಿ ಎತ್ತಬಾರದು. ನಿಲ್ಲದಿದ್ದರೆ ನಾನು ಕಲ್ಲು ಹಾಕಿಸಬೇಕು.

“ಇನ್ನೊಂದು ಮಾತು,” ಎಂದೆ ನಾನು, ಪಾಠ ಹೇಳುವ ಗತ್ತಿನಲ್ಲಿ. “ತಿಂಗಳು ಮುಗಿಯೋತನ ನೆಲ ಸಾರಿಸೋಹಂಗಿಲ್ಲ. ಹಸಿ ತಗಲಿದ್ರ ಮಿಷಿನ್ ಕೆಡತೈತಿ. ಪರೀಕ್ಷೆ ಅಂದ್ರ ಪರೀಕ್ಷೆ.”

ಪ್ರತಿ ಸೋಮವಾರ ತಪ್ಪದೆ ನೆಲ ಸಾರಿಸುವ ಹೆಂಗಸು ಇದಕ್ಕೆ ಕುಸ್ತಿಗೇ ಬರುತ್ತಾಳೆಂದುಕೊಂಡಿದ್ದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು, ಒಂದು ಗಳಿಗೆ ನೆಲ ನೋಡಿದಳು.

“ಆತು ಬಿಡ್ರಿ. ನೀವು ಓದಿದವರು,” ಎಂದಳು.

(ಒಂದೇ ದಿನ ಇಬ್ಬರು ಈ ಮಾತು ಹೇಳಿದ್ದರಿಂದ ನನಗೆ ಸ್ವಲ್ಪ ಮದ ಏರಿತ್ತೆಂದು ಒಪ್ಪಿಕೊಳ್ಳುತ್ತೇನೆ.)

ಮೊದಲ ದಿನ ಎರಡೂ ಯಂತ್ರ ಸೇರಿ ಅರ್ಧ ಸೇರು ಧೂಳು ತೆಗೆದವು. ನನಗೆ ಆನಂದವೋ ಆನಂದ. “ನೋಡು, ಇಷ್ಟು ವರ್ಷ ನಿನ್ನ ಕಸಬರಿಗಿ ಇಷ್ಟು ಧೂಳು ಬಿಟ್ಟಿತ್ತು!” ಎಂದು ಹಂಗಿಸಿದೆ. ಕಳಕಮ್ಮ ಧೂಳನ್ನು ಮೊರದಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋದಳು. ನಾಲ್ಕನೆಯ ದಿನ ಒಂದು ಸೇರು ಬಂತು. ಹಳೆಯ ಬಾಕಿ, ಈಗ ಹೊರಗೆ ಬರುತ್ತಿದೆ ಎಂದುಕೊಂಡೆ. ಎಂಟನೆಯ ದಿನ ಎರಡು ಸೇರು ಬಂದಾಗ ನನ್ನ ಆನಂದಕ್ಕೆ ಸಣ್ಣ ಜ್ವರ ಬಂತು.

ಎಲ್ಲಿಂದ ಬರುತ್ತಿದೆ ಈ ಧೂಳು? ಕುಷ್ಟಗಿ ಕಡೆಯ ಗಾಳಿ ಎಂದುಕೊಂಡು ಕಿಟಕಿ ಮುಚ್ಚಿದೆ. ಧೂಳು ನಿಲ್ಲಲಿಲ್ಲ, ಶೆಕೆ ಹೆಚ್ಚಿತು. ಮಾಳಿಗೆಯ ಮಣ್ಣು ಉದುರುತ್ತಿರಬೇಕೆಂದು ಜಂತಿಯ ಕೆಳಗೆ ಧೋತರ ಕಟ್ಟಿದೆ. ಧೋತರ ಸ್ವಚ್ಛವಾಗಿಯೇ ಇತ್ತು, ಉಟ್ಟುಕೊಳ್ಳಲು ಮಾತ್ರ ನನಗೆ ಧೋತರವಿರಲಿಲ್ಲ. ನಾನೇ ಸಾಲೆಯಿಂದ ಧೂಳು ತರುತ್ತಿರಬಹುದೆಂದು ಹೊಸ್ತಿಲಲ್ಲಿ ಕಾಲು ತೊಳೆದುಕೊಂಡು, ಹಿಮ್ಮಡಿಯ ಮೇಲೆ ನಡೆದು ಒಳಗೆ ಬರತೊಡಗಿದೆ. ಆ ದಿನ ಮೂರು ಸೇರು.

ಯಂತ್ರಗಳ ಗಟ್ಟಿತನದ ವಿಚಾರ ಹೇಳುವುದಾದರೆ, ಕರಿಯದರ ಗಾಲಿ ಎರಡನೆಯ ವಾರ ಕಳಚಿತು. ಕಟ್ಟಿದೆ, ಮತ್ತೆ ಕಳಚಿತು. ಕೆಂಪಿನದರ ತಿದಿ ಒಮ್ಮೆ ಹರಿದು, ಅದುವರೆಗೆ ಹೀರಿದ್ದನ್ನೆಲ್ಲ ಒಂದೇ ಉಸಿರಿಗೆ ನನ್ನ ಮೀಸೆಗೆ ಒಪ್ಪಿಸಿತು. ಹೊಲಿಸಿದ ಮೇಲೆ ಗಟ್ಟಿಯಾಗಿಯೇ ನಡೆಯಿತು. ಖರ್ಚು ಕೇಳುತ್ತೀರಾ? ಕರಿಯದನ್ನು ದೂಡಿದ ಮೇಲೆ ನನಗೆ ಮೂರು ಜೋಳದ ರೊಟ್ಟಿ ಸಾಕಾಗುತ್ತಿದ್ದವು, ಕೆಂಪಿನದನ್ನು ಒತ್ತಿದ ಮೇಲೆ ಆರು.

“ಮಿಷಿನ್‍ಗೆ ಎಣ್ಣಿ ಬ್ಯಾಡ ಖರೇ,” ಎಂದಳು ಕಳಕಮ್ಮ. “ನಿಮಗ ಬೆಣ್ಣಿ ಬೇಕಾತಲ್ಲ.”

ಆದರೂ ಆಕೆ ನೆರವಿಗೆ ಹಿಂದೆಗೆಯಲಿಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ತಾನೇ ಕೊಳವೆ ಹಿಡಿದು, “ಇನ್ನಷ್ಟು ಒತ್ರಿ, ಈ ಮೂಲ್ಯಾಗ ಭಾಳ ಐತಿ. ಹಾಂ, ಈಗ ಕ್ವಾಣಿ ಕಡೆ ಬರ್ರಿ,” ಎಂದು ಇಡೀ ಮನೆ ಸುತ್ತಿಸುತ್ತಿದ್ದಳು. ಇಂಥ ಸಹಧರ್ಮಿಣಿಯ ಮೇಲೆ ಕರಾರು ಗೆಲ್ಲಬೇಕಲ್ಲ ಎಂದು ನನ್ನ ಕರುಳು ಚುರ್ ಎನ್ನುತ್ತಿತ್ತು.

ಮೂರನೆಯ ವಾರ ಇನ್ನೊಂದು ಗೊಂದಲ ಎದ್ದಿತು. ಅಡುಗೆಮನೆಯಲ್ಲಿ ನೆಲಕ್ಕೆ ಸಮವಾಗಿ ಹೂಳಿದ್ದ ಒರಳುಕಲ್ಲು ಮೇಲೆ ಬರತೊಡಗಿತು! ಎಡವಿ ಬಿದ್ದ ಮೇಲೆ ಅಳೆದೆ. ಎರಡು ಬೆರಳು ಮೇಲೆದ್ದಿತ್ತು. ಖಾರ ಕುಟ್ಟಲು ಬಂದ ಪಕ್ಕದ ಮನೆಯ ಗಾಳೆಮ್ಮ ಅದನ್ನು ಕಂಡು ಒನಕೆ ಬಿಟ್ಟು ಕೈಮುಗಿದಳು.

“ಯವ್ವಾ, ಕಲ್ಲು ಬೆಳ್ಯಾಕತ್ತೈತಿ! ಮಾಸ್ತರ, ಏನ್ ಪುಣ್ಯ ಮಾಡೀರಿ?”

ಮರುದಿನ ಅದಕ್ಕೆ ಕುಂಕುಮ ಬಿತ್ತು, ಅದರ ಮರುದಿನ ತೆಂಗಿನಕಾಯಿ ಒಡೆಯಿತು. ವಿದ್ಯಾವಂತನಾದ ನಾನು ಇಂಥದ್ದನ್ನು ನಂಬುವುದಿಲ್ಲ. ಆದರೂ ಎಡವುವ ಮೊದಲು ಕೈಮುಗಿದು ಎಡವುವುದನ್ನು ರೂಢಿ ಮಾಡಿಕೊಂಡೆ. ಕಲ್ಲು ಏಳುತ್ತಿದೆ, ಧೂಳು ಏಳುತ್ತಿದೆ, ನನಗೆ ಮಾತ್ರ ಬೆಳಗಾದರೆ ಸೊಂಟ ಏಳುತ್ತಿರಲಿಲ್ಲ.

ತಿಂಗಳು ತುಂಬಿದ ದಿನ ದೇವೇಂದ್ರಪ್ಪನವರು ತೀರ್ಪು ಕೇಳಲು ಬಂದರು. ನಾನು ಪಡಸಾಲೆಯಲ್ಲಿ ಕಾಗದ ಹಿಡಿದು, ಕನ್ನಡಕ ಏರಿಸಿ, “ಉಭಯ ಯಂತ್ರಗಳ ಗುಣದೋಷ ವಿವೇಚನೆ” ಎಂದು ಶುರುಮಾಡುವಷ್ಟರಲ್ಲಿ ಅವರು ಹೊಸ್ತಿಲು ದಾಟಿ ಕಾಲಿಟ್ಟರು. ಇಟ್ಟ ಕಾಲಿಗೆ ನೆಲ ಸಿಗಲಿಲ್ಲ. ಮುಗ್ಗರಿಸಿದವರು ನನ್ನನ್ನೂ ವಿವೇಚನೆಯನ್ನೂ ತಬ್ಬಿಕೊಂಡು ನಿಂತರು.

“ಏನ್ರೀ ಮಾಸ್ತರ, ಹೊಸ್ತಲಾ ಎತ್ತರ ಮಾಡಿಸೀರೇನು?”

“ಇಲ್ಲಲ್ರಿ.”

“ಹಂಗಾರ ನೆಲ ಎಲ್ಲಿ ಹೋತು?”

ನಾನು ಹೊಸ್ತಿಲು ನೋಡಿದೆ. ಒರಳು ನೋಡಿದೆ. ಕಂಬದ ಬುಡದಲ್ಲಿ ಎಂದೂ ಕಾಣದ ಕಲ್ಲಿನ ಪಾದ ಕಾಣುತ್ತಿತ್ತು. ಸಾರಿಸದ ನೆಲ ಬಿರಿದು ಹಿಟ್ಟಾಗುತ್ತಿತ್ತು, ಆ ಹಿಟ್ಟನ್ನು ನಾನು ಹೊತ್ತಿಗೊಮ್ಮೆ ಹೀರಿ ತೆಗೆಯುತ್ತಿದ್ದೆ. ಒಂದು ತಿಂಗಳು ಬೆವರು ಸುರಿಸಿ, ಆರಾರು ರೊಟ್ಟಿ ತಿಂದು, ನನ್ನ ಮನೆಯ ನೆಲವನ್ನು ನಾನೇ ಸೇರು ಸೇರಾಗಿ ಅಳೆದು ಹೊರಗೆ ಕಳಿಸಿದ್ದೆ! ನಾಚಿಕೆಯಿಂದ ಭೂಮಿಗೆ ಇಳಿದು ಹೋಗೋಣವೆನಿಸಿತು. ಆಗಲೇ ನಾಲ್ಕು ಬೆರಳು ಇಳಿದಾಗಿತ್ತು.

“ಎರಡೂ ಛಲೋ ಅಗೀತಾವ,” ಎಂದು ದೇವೇಂದ್ರಪ್ಪನವರೇ ತೀರ್ಪು ಕೊಟ್ಟರು. “ನನಗೊಂದೂ ಬ್ಯಾಡ, ಎರಡೂ ನೀವ ಇಟ್ಕೋರಿ.”

ಅದೇ ಹೊತ್ತಿಗೆ ಬಾಗಿಲಲ್ಲಿ ಬಂಡಿ ನಿಂತಿತು. ಬಂಡಿಯ ತುಂಬ ಶಹಾಬಾದಿ ಕಲ್ಲು, ಮುಂದೆ ಕಲ್ಲು ಹಾಸುವ ಗೌಂಡಿ ಬಡೇಸಾಬ. ಕರಾರು ಮುಗಿಯುವ ದಿನಕ್ಕೇ ಬರಲು ಕಳಕಮ್ಮ ಹದಿನೈದು ದಿನದ ಹಿಂದೆಯೇ ಹೇಳಿ ಕಳಿಸಿದ್ದಳಂತೆ. ನನ್ನ ಸೈಕಲ್ಲು ಹೀಗೆ ಎತ್ತಿನ ಬಂಡಿಯಲ್ಲಿ ಕುಳಿತು ಮನೆಗೆ ಬಂತು.

ಬಡೇಸಾಬ ಒಳಗೆ ಬಂದು, ಬಗ್ಗಿ, ನೆಲಕ್ಕೆ ದಾರ ಹಿಡಿದು ನೋಡಿದ. ಅವನ ಹುಬ್ಬು ಮೇಲೇರಿದವು.

“ಕಲ್ಲು ಕೂರಸಾಕ ನಾಕು ಬೆರಳು ಅಗೀಬೇಕಾಗಿತ್ತವ್ವಾ. ಅದಕ್ಕಂತ ಇಬ್ಬರು ಆಳು ಕರಕೊಂಡು ಬಂದೀನಿ. ಇಲ್ಲಿ ಅಗದಬಿಟ್ಟಾರ! ಎಷ್ಟು ಮಟ್ಟಸ ಅಗದಾರ! ಯಾರು ಅಗದವರು?”

“ನಮ್ಮ ಮನಿಯವರು,” ಎಂದಳು ಕಳಕಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

“ಕಲ್ಲಿನ ಬುಡಕ ಹಾಕಾಕ ಸಣ್ಣ ಮಣ್ಣು ಬೇಕಲ್ಲವ್ವಾ?”

“ಹಿತ್ತಲದಾಗ ಆರು ಚೀಲ ತುಂಬಿಟ್ಟೀನಿ. ಜರಡಿ ಹಿಡಿಯೂದು ಬ್ಯಾಡ, ಮಿಷಿನ್‍ದಾಗ ಹಾದು ಬಂದೈತಿ.”

ಆ ಚೀಲಗಳಲ್ಲಿ ಒಂದೊಂದು ಸೇರೂ ನನ್ನ ಕೈಯಿಂದ ಅಳೆದದ್ದು. ನಾನು ಕುಳಿತುಕೊಳ್ಳಲು ನೆಲ ಹುಡುಕುತ್ತಿದ್ದೆ. ಬಡೇಸಾಬ ಮಾತ್ರ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಕ್ಕರೆಯಿಂದ ನೋಡಿ, ಕಳಕಮ್ಮನ ಕಡೆ ತಿರುಗಿದ.

“ತಾವರಗೇರಾದಾಗ ಇನ್ನೊಂದು ಮನಿ ಕೆಲಸ ಐತಿ, ದೊಡ್ಡ ಪಡಸಾಲಿ. ಸಾಲಿ ಸೂಟಿ ಇದ್ದಾಗ ಮಾಸ್ತರನ್ನ ಕಳಸ್ತೀರೇನವ್ವಾ?”

“ಕಳಸ್ತೀನಿ ತಗೋ,” ಎಂದಳು ನನ್ನ ಹೆಂಡತಿ. “ಖರೇ, ಒಂದು ತಿಂಗಳ ಮೊದಲ ಅವರ ಮನ್ಯಾಗ ಹೇಳಿಡು, ನೆಲ ಸಾರಿಸಬ್ಯಾಡ್ರಿ ಅಂತ.”