ತಟ್ಟೆ ಖಾಲಿಯಾದ ಮೇಲೆ ಹುಟ್ಟಿದ ಸಂಶಯ

ಮಕ್ಕಳು ಊಟ ಮಾಡುವುದಿಲ್ಲವೆಂದು ಕೊರಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಮಗು ಊಟ ಮಾಡಿತೆಂದು ನೆಮ್ಮದಿ ಕಳೆದುಕೊಂಡವನು ಬಹುಶಃ ನಾನೊಬ್ಬನೇ. ಇದಕ್ಕೆ ನನ್ನ ಕಸುಬೇ ಕಾರಣ. ನಿವೃತ್ತನಾಗುವವರೆಗೂ ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನು ನಡೆಸಿದವನು ನಾನು. ಅಲ್ಲಿ ಹಾಗಲಕಾಯಿ ಪಲ್ಯ ಮಾಡಿದ ದಿನ ಯಾರದಾದರೂ ತಟ್ಟೆ ಥಳಥಳ ಹೊಳೆಯುತ್ತಿದ್ದರೆ ಮೊದಲು ಪಕ್ಕದವನ ತಟ್ಟೆ ನೋಡುತ್ತಿದ್ದೆ, ಆಮೇಲೆ ಬೆಂಚಿನ ಅಡಿ. ಎರಡರಲ್ಲೊಂದು ಕಡೆ ಪಲ್ಯ ಸಿಕ್ಕೇ ಸಿಗುತ್ತಿತ್ತು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವವರು. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಸಾನ್ವಿ ನನ್ನ ಮತ್ತು ನನ್ನ ಹೆಂಡತಿ ಸರೋಜಳ ಜವಾಬ್ದಾರಿ. ಹಸಿರು ಬಣ್ಣದ್ದು ಯಾವುದೂ ಈ ಹುಡುಗಿಯ ಬಾಯಿಗೆ ಹೋಗದು. ಚಿತ್ರಾನ್ನದೊಳಗಿನ ಕೊತ್ತಂಬರಿ ಎಲೆಯನ್ನೂ ಅಕ್ಕಸಾಲಿಗನ ಏಕಾಗ್ರತೆಯಿಂದ ಹೆಕ್ಕಿ ತಟ್ಟೆಯ ಅಂಚಿಗಿಡುತ್ತಾಳೆ. ನಾನು ಸೋಮವಾರ ಹರಿವೆ, ಮಂಗಳವಾರ ಬಸಳೆ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅವಳು ಅದರ ಪಕ್ಕದಲ್ಲಿ ಕೊಂಬಿರುವ ರಾಕ್ಷಸನ ಚಿತ್ರ ಬರೆದಳು. ಅದರ ಮುಖದಲ್ಲಿ ನನ್ನದೇ ಥರದ ಕನ್ನಡಕವಿತ್ತು.

ಕೊನೆಗೊಂದು ದಿನ ಸೊಸೆ ಮೆಲ್ಲಗೆ ಹೇಳಿದಳು: “ಮಾವ, ಬೇಜಾರು ಮಾಡ್ಬೇಡಿ. ಡಾಕ್ಟರ್ ರಕ್ತ ಕಮ್ಮಿ ಉಂಟು ಅಂದ್ರು. ಇಲ್ಲಿ ಹೀಗೆ ತಿನ್ನದಿದ್ರೆ ಜೂನಿಂದ ಪಾಳಣಾಘರಕ್ಕೆ ಬಿಡುವ ಅಂತ. ಬೇರೆ ಮಕ್ಕಳನ್ನು ನೋಡಿಯಾದ್ರೂ ತಿಂತಾಳೇನೋ.”

ಹಗಲಿಡೀ ಮಕ್ಕಳನ್ನು ನೋಡಿಕೊಳ್ಳುವ ಆ ಪಾಳಣಾಘರ ನಮ್ಮ ಗ್ಯಾಲರಿಗೆ ಎದುರಾಗಿಯೇ ಇದೆ. ಊರಿಗೆಲ್ಲ ಊಟ ಹಾಕಿದವನು ಸ್ವಂತ ಮೊಮ್ಮಗಳು ಇನ್ನೊಬ್ಬರ ಕೈತುತ್ತು ತಿನ್ನುವುದನ್ನು ನಿಂತು ನೋಡಬೇಕೆ? ಅಂದು ನನಗೂ ಸರೋಜಳಿಗೂ ಊಟ ಸೇರಲಿಲ್ಲ.

ಮರುವಾರವೇ ಸಾನ್ವಿ ಬಸಳೆ ತಿಂದಳು!

“ಅಜ್ಜ, ದೇಖೋ, ಸಬ್ ಖತಂ!”

ನಾನು ತಟ್ಟೆ ನೋಡಲಿಲ್ಲ, ಸೋಫಾದ ಅಡಿ ನೋಡಿದೆ. ತುಳಸಿ ಕುಂಡದ ಮಣ್ಣು ಕೆದಕಿದೆ. ಗ್ರಿಲ್ಲಿನಾಚೆ ಕುಳಿತ ಪಾರಿವಾಳಗಳ ಕೊಕ್ಕನ್ನೂ ಪರೀಕ್ಷಿಸಿದೆ. “ನಾಲಿಗೆ ತೋರಿಸು” ಎಂದೆ. ತೋರಿಸಿದಳು. ಹಸಿರಾಗಿಯೇ ಇತ್ತು.

“ಅಜ್ಜ, ತುಮ್ ಪೊಲೀಸ್ ಹೋ ಕ್ಯಾ?”

“ತಿನ್ನದಿದ್ರೂ ಬೊಬ್ಬೆ, ತಿಂದ್ರೂ ಬೊಬ್ಬೆ. ನಿಮ್ಮದೆಂತ ಮಾರಾಯ್ರೆ?” ಎಂದು ಸರೋಜ ಮೊಮ್ಮಗಳತ್ತ ನೋಡಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಇದರಲ್ಲಿ ಚಾಕಲೇಟಿನ ಲಂಚವಿದೆ ಎಂದುಕೊಂಡು ಮರುದಿನ ಊಟದ ಹೊತ್ತಿಗೆ ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಬಾಗಿಲ ಸಂದಿಗೆ ಕಿವಿಕೊಟ್ಟೆ.

“ನಕೋ ಅಜ್ಜಿ.”

“ತಿನ್ನು ಪುಟ್ಟಿ. ನಿನ್ನನ್ನು ಪಾಳಣಾಘರಕ್ಕೆ ಹಾಕಿದ್ರೆ ಅಜ್ಜನಿಗೆ ಬೇರೆ ಕೆಲಸ ಎಂತ ಉಂಟು? ಇಡೀ ದಿನ ನನ್ನ ಅಡುಗೆಮನೆಯಲ್ಲೇ. ಸಾಸಿವೆ ಡಬ್ಬಿ ಇಲ್ಲಿ ಯಾಕೆ, ಮೆಂತೆ ಡಬ್ಬಿ ಅಲ್ಲಿ ಯಾಕೆ. ನಾನೊಬ್ಬಳೇ ಹೇಗೆ ತಡ್ಕೊಳ್ಳುದು, ನೀನೇ ಹೇಳು.”

ಮೊಮ್ಮಗಳ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು.

“ಬೇಚಾರಿ ಅಜ್ಜಿ. ಅಚ್ಛಾ, ಔರ್ ಡಾಲೋ.”

ಮತ್ತೊಂದು ಸೌಟು ಪಲ್ಯ ತಟ್ಟೆಗೆ ಬಿದ್ದ ಸದ್ದಾಯಿತು. ಅಷ್ಟರಲ್ಲಿ ಸರೋಜ ಕೂಗಿದಳು: “ಅಲ್ಲಿ ನೀರು ಹೋಗ್ತಾ ಉಂಟು ಮಾರಾಯ್ರೆ!”

ಜೂನ್ ಬಂತು, ಪಾಳಣಾಘರದ ಮಾತು ಮತ್ತೆ ಬರಲಿಲ್ಲ. ಕೇಳಿಸಿಕೊಂಡದ್ದನ್ನು ನಾನೂ ಯಾರಿಗೂ ಹೇಳಿಲ್ಲ. ಆದರೆ ಮಗುವಿನ ರಕ್ತದ ಪ್ರಶ್ನೆ, ಅಜ್ಜಿಯ ಮೇಲಿನ ಅವಳ ಕರುಣೆ ಬತ್ತಬಾರದು. ಹಾಗಾಗಿ ದಿನವೂ ಊಟಕ್ಕೆ ಮುಂಚೆ ಅಡುಗೆಮನೆಗೆ ಹೋಗಿ, ಅವಳಿಗೆ ಕೇಳಿಸುವಷ್ಟು ಜೋರಾಗಿ ಡಬ್ಬಿಗಳ ವಿಚಾರಣೆ ಮಾಡುತ್ತೇನೆ. ಹಾಗಲಕಾಯಿಯ ದಿನ ಸೌಟುಗಳನ್ನೂ ಬಿಡುವುದಿಲ್ಲ. ಇದೆಲ್ಲ ಬರೀ ನಟನೆ. ಆದರೆ ಮೊದಲಿಗೂ ಈಗಿಗೂ ಏನಾದರೂ ವ್ಯತ್ಯಾಸವಿದೆಯೆಂದು ಸರೋಜಳಿಗೆ ಇದುವರೆಗೂ ಅನಿಸಿಲ್ಲ.