ನನ್ನ ವಿದೇಶಿ ಸೈಕಲ್ಲಿನ ಖಂಡೇನವಮಿ

ಕೆಲವರಿಗೆ ವಿದೇಶದಲ್ಲಿ ಮನೆ ಇರುತ್ತದೆ, ಕೆಲವರಿಗೆ ಬ್ಯಾಂಕ್ ಖಾತೆ ಇರುತ್ತದೆ. ನನಗೆ ಸೈಕಲ್ ಇತ್ತು. ಜರ್ಮನಿಯಲ್ಲಿ, ಡ್ಯಾನ್ಯೂಬ್ ನದಿಯ ದಡದ ಒಂದು ಸಣ್ಣ ಊರಿನಲ್ಲಿ, ಶೆಟ್ಟರ ಹೋಟೆಲಿನ ನೆಲಮಾಳಿಗೆಯಲ್ಲಿ, ಅಕ್ಕಿ ಚೀಲಗಳ ಪಕ್ಕ ಅದು ವರ್ಷವಿಡೀ ವಿಶ್ರಾಂತಿ ಪಡೆಯುತ್ತಿತ್ತು. ವರ್ಷಕ್ಕೊಮ್ಮೆ ನಾನು ರಜೆ ಹಾಕಿ, ವಿಮಾನ ಹತ್ತಿ, ಅದರ ವಿಶ್ರಾಂತಿ ಕೆಡಿಸಲು ಹೋಗುತ್ತಿದ್ದೆ.

ಪುಣೆಯಲ್ಲಿ ಸೈಕಲ್ಲಿಗೆ ಬರವೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಧಾ ಕೇಳಿದ್ದಳು. ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳದೇ ಊರಾಗಿತ್ತಂತೆ. ಈಗ ನಮ್ಮ ಕೋಥರೂಡದಿಂದ ಸೈಕಲ್ ಹತ್ತಿ ಹೊರಡುವವನು ಮೊದಲು ಉಯಿಲು ಬರೆದಿಡುವುದು ಒಳ್ಳೆಯದು. ಇನ್ನು ಇಲ್ಲಿಂದ ಸೈಕಲ್ಲನ್ನು ವಿಮಾನದಲ್ಲಿ ಒಯ್ಯಬೇಕೆಂದರೆ ಬಿಚ್ಚಬೇಕು, ಪೆಟ್ಟಿಗೆಗೆ ತುಂಬಬೇಕು, ಅಲ್ಲಿ ಮತ್ತೆ ಜೋಡಿಸಬೇಕು, ಆಮೇಲೆ ಕೈಯಲ್ಲಿ ಉಳಿದ ನಟ್ಟು ಬೋಲ್ಟುಗಳು ಎಲ್ಲಿಯವೆಂದು ಚಿಂತಿಸುತ್ತಾ ಇಳಿಜಾರಿನಲ್ಲಿ ಇಳಿಯಬೇಕು. ಆದ್ದರಿಂದ ನಾನು ದೀರ್ಘವಾಗಿ ಆಲೋಚಿಸಿ, ಅಲ್ಲಿಯೇ ಒಂದು ಹಳೆಯ ಸೈಕಲ್ ಕೊಂಡು ಅಲ್ಲಿಯೇ ಇಡುವುದೆಂದು ತೀರ್ಮಾನಿಸಿದೆ.

“ಹಂಗಾದ್ರ ಹಲ್ಲುಜ್ಜೋ ಬ್ರಶ್ಶೂ ಅಲ್ಲೇ ಇಟ್ಟು ಬರ್ರಿ,” ಎಂದಳು ಸುಧಾ. “ಹೊತ್ತು ಒಯ್ಯೂ ತ್ರಾಸು ತಪ್ಪತದ.”

ಶೆಟ್ಟರು ಮೂಲತಃ ಕರಾವಳಿಯವರಾದರೂ ಪುಣೆಯಲ್ಲಿ ಇದ್ದವರೇ. ಸ್ವಾರಗೇಟಿನ ಹತ್ತಿರ ಅವರ ಅಣ್ಣನ ಹೋಟೆಲಿದೆ. ಅಲ್ಲಿ ದೋಸೆ ತಿನ್ನುತ್ತಾ ಆದ ಪರಿಚಯ ಜರ್ಮನಿಯ ದೋಸೆಯವರೆಗೆ ಬೆಳೆದಿತ್ತು. ಸೈಕಲ್ ಇಡಲು ಅವರು ನೆಲಮಾಳಿಗೆಯ ಮೂಲೆಯನ್ನು ಬಿಟ್ಟುಕೊಟ್ಟರು. ನಾನು ಕೃತಜ್ಞತೆಯಿಂದ ಕೈ ಮುಗಿದು, ಹೆಬ್ಬೆರಳು ದಪ್ಪದ ಸರಪಳಿ ತಂದು, ಸೈಕಲ್ಲನ್ನು ಗೋಡೆಯ ಪೈಪಿಗೆ ಬಿಗಿದು ಬೀಗ ಹಾಕಿದೆ. ಶೆಟ್ಟರು ಸರಪಳಿಯನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದರು.

“ಅಲ್ಲ ಮಾರಾಯ್ರೆ, ಇಲ್ಲಿ ಇದನ್ನು ಕದಿಯುವುದು ಯಾರು? ಬಟಾಟೆಯಾ?”

ನಾನು ನಕ್ಕು ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ. ಯಾವುದನ್ನೂ ಪರೀಕ್ಷಿಸದೆ ನಂಬುವವನಲ್ಲ ನಾನು. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವನು. ಈಗ ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕೆಲಸಗಾರರಿಗೆ ತರಬೇತಿ ಕೊಡುತ್ತೇನೆ. ನನ್ನ ಮೊದಲ ಪಾಠವೇ ‘ನೆನಪನ್ನು ನಂಬಬೇಡಿ’. ನಾವು ನೆನಪು ಅನ್ನುವುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ಪ್ರತಿ ಸಲವೂ ಹೊಸದಾಗಿ, ನಮಗೆ ಅನುಕೂಲವಾಗುವಂತೆ ಬರೆದುಕೊಳ್ಳುವ ಚಿತ್ರ. ಇದನ್ನು ನಾನು ಗಂಭೀರವಾಗಿ ಹೇಳುತ್ತೇನೆ. ಕೆಲಸಗಾರರು ಗಂಭೀರವಾಗಿ ಆಕಳಿಸುತ್ತಾರೆ.

ಆದರೆ ಒಂದು ನೆನಪಿನ ಮೇಲೆ ಮಾತ್ರ ನನಗೆ ಸಂಶಯವಿರಲಿಲ್ಲ. ನದಿಯ ದಡದ ದಾರಿ, ಸೇಬಿನ ಗಿಡಗಳು, ಕೂದಲಿಗೆ ಗಾಳಿ, ಅವಳಿ ಗೋಪುರದ ಚರ್ಚಿರುವ ಊರಿನವರೆಗೆ ನಾನು ಒಂದೇ ಉಸಿರಿಗೆ ಸೈಕಲ್ ತುಳಿದದ್ದು. ಇದನ್ನು ಪುಣೆಯ ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಸೊಸೈಟಿಯ ವಾಚ್‌ಮನ್ ಕೂಡ ಆ ಚರ್ಚಿನ ದಾರಿ ತೋರಿಸಬಲ್ಲ.

ಹೀಗಿರುವಾಗ ಹೋದ ವರ್ಷ ನವರಾತ್ರಿಯಲ್ಲಿ ಶೆಟ್ಟರ ಫೋನು ಬಂತು. ನೆಲಮಾಳಿಗೆಯ ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿಸುತ್ತಿದ್ದಾರೆ. ದಸರೆ ಕಳೆದು ಬರುವ ಶನಿವಾರ ಬೆಳಿಗ್ಗೆ ಗುಜರಿ ಲಾರಿ ಬರುತ್ತದೆ. ನನ್ನ ಸೈಕಲ್ ಪೈಪಿಗೆ ಅಂಟಿಕೊಂಡಿದೆ. ಪೈಪು ಹೋದರೆ ಸೈಕಲ್ಲೂ ಹೋಗುತ್ತದೆ.

“ನೀವು ಬಂದು ಬಿಡಿಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ,” ಎಂದರು ಶೆಟ್ಟರು.

ನಾನು ತಕ್ಷಣ ಟಿಕೆಟ್ ತೆಗೆಸಿದೆ. ಶುಕ್ರವಾರ ತಲುಪಿ ಬೀಗ ತೆರೆದು, ಶನಿವಾರದಿಂದ ಒಂದು ವಾರ ನದಿಯ ದಡದಲ್ಲಿ ಸವಾರಿ! ಸುಧಾ ಮಾತ್ರ ತಕರಾರು ತೆಗೆದಳು. ಅದೇ ಶನಿವಾರ ಅವಳ ಅಕ್ಕನ ಮಗಳ ನಿಶ್ಚಿತಾರ್ಥ. ನನ್ನ ಸೈಕಲ್ಲಿನ ಪ್ರಾಣದ ಪ್ರಶ್ನೆ ಎಂದೆ. ಹುಡುಗಿಯ ಬಾಳಿನ ಪ್ರಶ್ನೆ ಎಂದಳು. ಹುಡುಗಿಯನ್ನು ಯಾರೂ ಗುಜರಿಗೆ ಹಾಕುತ್ತಿಲ್ಲವಲ್ಲ ಎಂದೆ. ಆ ಮಾತು ಆಡಬಾರದಿತ್ತು.

ಸಂಧಾನಕ್ಕೆ ಅವಕಾಶ ಒದಗಿಸಿದ್ದು ಖಂಡೇನವಮಿ. ನಮ್ಮಲ್ಲಿ ಆ ದಿನ ಸ್ಕೂಟರಿನಿಂದ ಈಳಿಗೆಯವರೆಗೆ ಎಲ್ಲದಕ್ಕೂ ಪೂಜೆ. ಸುಧಾ ಸೈಕಲ್ಲಿನ ಕೀಲಿಕೈ ಕೇಳಿದಳು. ಸೈಕಲ್ ಜರ್ಮನಿಯಲ್ಲಿರುವಾಗ ಕೀಲಿಕೈಗೆ ಪೂಜೆ ಮಾಡಿದರೆ ಅಲ್ಲಿಗೆ ಹೇಗೆ ತಲುಪುತ್ತದೆ ಎಂದು ನಾನು ವೈಚಾರಿಕವಾಗಿ ಪ್ರಶ್ನಿಸಿದೆ.

“ಗಾಡಿ ಯಾವ ದೇಶದಾಗಿದ್ರೇನ್ರೀ? ಪೂಜಾ ಆಗಲಾರದ್ದನ್ನ ಓಡಿಸಬ್ಯಾಡ್ರಿ.”

ಸಂಸಾರದ ಶಾಂತಿಗಾಗಿ ಕೊಟ್ಟೆ. ಅವಳು ಮನೆಯ ಕೀಲಿಕೈಗಳನ್ನೆಲ್ಲ ಒಂದು ತಟ್ಟೆಯಲ್ಲಿ ಜೋಡಿಸಿ, ಅರಿಷಿಣ ಕುಂಕುಮ ಬಳಿದು, ಒಂದೊಂದಕ್ಕೂ ದಾರ ಕಟ್ಟಿದಳು. ಪೂಜೆಗಿಟ್ಟದ್ದನ್ನು ಮರುದಿನ ದಶಮಿಯವರೆಗೆ ಮುಟ್ಟುವಂತಿಲ್ಲ. ದಶಮಿಯ ಬೆಳಿಗ್ಗೆ ಮುಂಬೈ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಬಂದು ಕೆಳಗೆ ಹಾರ್ನ್ ಹಾಕುತ್ತಿರುವಾಗ ನಾನು ದೇವರ ಕೋಣೆಗೆ ನುಗ್ಗಿ ಕೀಲಿಕೈ ಎತ್ತಿಕೊಂಡೆ.

ಲೋಣಾವಳಾದಲ್ಲಿ ಶೆಟ್ಟರಿಗೆಂದು ಚಿಕ್ಕಿ ಕೊಳ್ಳುವಾಗ ಅನುಮಾನ ಬಂತು. ನಿಜವಾಗಿ ಎತ್ತಿಕೊಂಡೆನೋ, ಎತ್ತಿಕೊಂಡಂತೆ ನೆನಪೋ? ಇತರರಾಗಿದ್ದರೆ ನೆನಪನ್ನು ನಂಬಿ ಸುಮ್ಮನಾಗುತ್ತಿದ್ದರು. ನಾನು ಚೀಲ ತೆರೆದು ನೋಡಿದೆ. ಕೀಲಿಕೈ ಇತ್ತು! ಕುಂಕುಮ ಇತ್ತು, ದಾರ ಇತ್ತು. ವಿದ್ಯಾವಂತನಿಗೂ ಇತರರಿಗೂ ಇರುವ ವ್ಯತ್ಯಾಸ ಇದೇ ಎಂದುಕೊಂಡು ಒಂದು ಚಿಕ್ಕಿ ತಿಂದೆ.

ಶುಕ್ರವಾರ ಮಧ್ಯಾಹ್ನ ಶೆಟ್ಟರ ನೆಲಮಾಳಿಗೆಯಲ್ಲಿ ಮೊಣಕಾಲೂರಿ ಕುಳಿತು ಬೀಗಕ್ಕೆ ಕೀಲಿಕೈ ತೂರಿಸಿದೆ. ಅರ್ಧ ಹೋಯಿತು. ತಿರುಗಲಿಲ್ಲ.

ನಾನು ಮೊದಲು ಬೀಗವನ್ನು ಸಂಶಯಿಸಿದೆ, ಆಮೇಲೆ ತುಕ್ಕನ್ನು, ಆಮೇಲೆ ಜರ್ಮನಿಯ ಹವೆಯನ್ನು. ಕೀಲಿಕೈಯನ್ನು ಸಂಶಯಿಸುವ ಪ್ರಶ್ನೆಯೇ ಇರಲಿಲ್ಲ. ಅದನ್ನು ಲೋಣಾವಳಾದಲ್ಲೇ ಪರೀಕ್ಷಿಸಿ ಆಗಿತ್ತಲ್ಲ! ಎಣ್ಣೆ ಬಿಟ್ಟರೆ ಸರಿಹೋಗುತ್ತದೆಂದು ಅಡುಗೆಮನೆಗೆ ಹೋಗಿ ಕೇಳಿದೆ. ಕರಾವಳಿಯವರ ಅಡುಗೆಮನೆ, ಧಾರಾಳವಾಗಿ ತೆಂಗಿನೆಣ್ಣೆ ಕೊಟ್ಟರು. ನಾನೂ ಧಾರಾಳವಾಗಿ ಹುಯ್ದೆ. ಬೀಗದಿಂದ ಇಳಿದು ಕೆಳಗಿದ್ದ ಖಾಲಿ ಗೋಣಿಚೀಲವೂ ನೆನೆಯಿತು. ಎಣ್ಣೆ ಚೆನ್ನಾಗಿ ಇಳಿಯಲೆಂದು ಮೇಲೆ ಹೋಗಿ ಒಂದು ಮಸಾಲೆ ದೋಸೆ ತಿಂದು ಬಂದೆ.

ಆ ನೆಲಮಾಳಿಗೆಯ ಚಳಿಯಲ್ಲಿ ತೆಂಗಿನೆಣ್ಣೆ ಏನಾಗುತ್ತದೆಂದು ಯಾವ ವಿಶ್ವವಿದ್ಯಾಲಯವೂ ನನಗೆ ಹೇಳಿಕೊಟ್ಟಿರಲಿಲ್ಲ. ಹೆಪ್ಪುಗಟ್ಟಿ ಬೆಣ್ಣೆಯಾಗಿತ್ತು! ಈಗ ಕೀಲಿಕೈ ಹೋಗುತ್ತಲೂ ಇಲ್ಲ, ಬರುತ್ತಲೂ ಇಲ್ಲ. ಗುಜರಿ ಲಾರಿ ಬರಲು ಉಳಿದದ್ದು ಒಂದು ರಾತ್ರಿ ಮಾತ್ರ.

ಕಾಯಿಸಿದರೆ ಕರಗುತ್ತದೆ ಎಂಬುದು ಶುದ್ಧ ವಿಜ್ಞಾನ. ಒಲೆ ಹೊತ್ತಿಸುವ ಉದ್ದನೆಯ ಲೈಟರ್ ತಂದು ಬೀಗಕ್ಕೆ ಉರಿ ಹಿಡಿದೆ. ಅಷ್ಟರಲ್ಲಿ ಸುಧಾಳ ಫೋನು.

“ರೀ, ಯಾವ ಚಾವಿ ಇಟ್ಟು ಹೋಗೀರಿ? ಕಪಾಟು ತೆಗೀವಲ್ಲದು.”

ಕಪಾಟಿಗೂ ನನಗೂ ಏನು ಸಂಬಂಧ, ನಾನೊಂದು ಮಹತ್ವದ ಕೆಲಸದಲ್ಲಿದ್ದೇನೆ ಎಂದೆ. ನಾಳೆ ಉಡುವ ಪೈಠಣಿ ಸೀರೆ ಅದರೊಳಗಿದೆ, ಸರವೂ ಅದರೊಳಗೇ ಇದೆ, ತಟ್ಟೆಯಲ್ಲಿದ್ದ ಚಾವಿ ಅರ್ಧ ಹೋಗಿ ನಿಲ್ಲುತ್ತದೆ ಎಂದಳು.

ಅರ್ಧ ಹೋಗಿ ನಿಲ್ಲುತ್ತದೆ. ಈ ವಾಕ್ಯ ನನಗೆ ಎಲ್ಲೋ ಕೇಳಿದಂತಿತ್ತು.

“ಸುಧಾ, ಕುಂಕುಮ ಒರಸಿ ನೋಡು. ಅದರ ಮೇಲೆ ಏನರ ಬರದಾರ ಏನು?”

“ಅಕ್ಷರ ಇಂಗ್ಲಿಷಿನ್ವ ಅವ, ಮಾತು ಇಂಗ್ಲಿಷ್ ಅಲ್ಲ. ಓದಲಿಕ್ಕೆ ಬರೂದಿಲ್ಲ.” ಆಮೇಲೆ ಅವಳೇ ಕೇಳಿದಳು. “ರೀ. ಇದು ನಿಮ್ಮ ಸೈಕಲ್ಲಿಂದೇನ್ರೀ?”

ನಾನು ಬೀಗದಲ್ಲಿ ಸಿಕ್ಕಿಕೊಂಡಿದ್ದ ಕೀಲಿಕೈಯನ್ನು ಒರಸಿ ನೋಡಿದೆ. ಕಪಾಟಿನ ಕಂಪನಿಯ ಹೆಸರು ಕಂಡಿತು. ನಮ್ಮ ಮದುವೆಯಲ್ಲಿ ನನ್ನ ಮಾವನವರು ಪ್ರೀತಿಯಿಂದ ಕೊಟ್ಟ ಉಕ್ಕಿನ ಕಪಾಟು. ಅದರ ಕೀಲಿಕೈ ಈಗ ತೆಂಗಿನೆಣ್ಣೆಯಲ್ಲಿ ಮಿಂದು ಜರ್ಮನಿ ನೋಡುತ್ತಿತ್ತು. ಲೋಣಾವಳಾದಲ್ಲಿ ನಾನು ಪರೀಕ್ಷಿಸಿದ್ದು ಕೀಲಿಕೈ ಇದೆಯೇ ಎಂಬುದನ್ನು. ಯಾವುದರದ್ದು ಎಂಬುದನ್ನಲ್ಲ!

ಈ ಸತ್ಯದರ್ಶನದ ಗಡಿಬಿಡಿಯಲ್ಲಿ ಲೈಟರಿನ ಉರಿ ಎಣ್ಣೆ ಕುಡಿದ ಗೋಣಿಚೀಲಕ್ಕೆ ತಾಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಹೊಗೆ ಎದ್ದಿತು. ನಾನು ಚೀಲ ತುಳಿದು ಆರಿಸಿದೆ, ಆದರೆ ಹೊಗೆ ಕಂಡರೆ ಕೂಗುವ ಚಾವಣಿಯ ಯಂತ್ರಕ್ಕೆ ಅದು ತಿಳಿಯಲಿಲ್ಲ. ಅದು ಕಿರಿಚಿಕೊಳ್ಳತೊಡಗಿತು. ಮೇಲೆ ಊಟಕ್ಕೆ ಕೂತಿದ್ದವರೆಲ್ಲ ಶಿಸ್ತಾಗಿ ಎದ್ದು, ಕೆಲವರು ದೋಸೆಯ ತಟ್ಟೆ ಸಮೇತ, ಬೀದಿಗೆ ನಡೆದರು. ಫೋನಿನಲ್ಲಿ ಸುಧಾ ಅದೇನು ಸಪ್ಪಳ ಎಂದು ಕೇಳುತ್ತಿದ್ದಳು. ಸವಾರಿಯ ತಯಾರಿ ನಡೆದಿದೆ ಎಂದು ಹೇಳಿ ಇಟ್ಟುಬಿಟ್ಟೆ.

ಅಗ್ನಿಶಾಮಕದವರು ಬಂದರು. ಹೊಗೆ ನೋಡಿದರು, ಬೀಗ ನೋಡಿದರು, ನನ್ನನ್ನು ನೋಡಿದರು. ನಾನು ಸೈಕಲ್ ತೋರಿಸಿ ‘ನನ್ನದು’ ಎಂದೆ. ಅವರಲ್ಲೊಬ್ಬ ಉದ್ದ ಹಿಡಿಯ ಕತ್ತರಿ ತಂದು ಸರಪಳಿಯನ್ನು ಸೊಪ್ಪಿನಂತೆ ಕತ್ತರಿಸಿ ಹೋದ. ಇಷ್ಟು ಸುಲಭವಾಗಿ ತುಂಡಾಗುವ ಸರಪಳಿಯ ಮೇಲೆ ನಾನು ಇಷ್ಟು ವರ್ಷ ಭರವಸೆ ಇಟ್ಟಿದ್ದೆ!

ಸೈಕಲ್ ಉಳಿಯಿತು. ಬೀದಿಯಲ್ಲಿ ನಿಂತ ಶೆಟ್ಟರಿಗೆ ಧನ್ಯವಾದ ಹೇಳಿ, ನಾಳೆ ಬೆಳಿಗ್ಗೆಯೇ ಹಿಂದಿನ ಸಲದಂತೆ ಆ ಚರ್ಚಿನ ಊರಿನವರೆಗೆ ತುಳಿದುಕೊಂಡು ಹೋಗಿ ಬರುತ್ತೇನೆ ಎಂದೆ.

“ಯಾವ ಹಿಂದಿನ ಸಲ?” ಎಂದರು ಶೆಟ್ಟರು. “ಸೇತುವೆ ದಾಟುವಾಗಲೇ ನಿಮ್ಮ ಮಂಡಿ ಹಿಡಿದುಕೊಂಡಿತ್ತಲ್ಲ. ನಾನು ನೀರುಳ್ಳಿ ತುಂಬಿಸಿಕೊಂಡು ಹೋಗುವವ ವ್ಯಾನ್ ನಿಲ್ಲಿಸಿ ಹತ್ತಿಸಿಕೊಂಡೆ. ಆ ಚರ್ಚು ನೀವು ನೋಡಿದ್ದು ನೀರುಳ್ಳಿ ಮೂಟೆ ಮೇಲೆ ಕೂತು ಮಾರಾಯ್ರೆ.”

ನಾನು ಪ್ರತಿಭಟಿಸಲು ಬಾಯಿ ತೆರೆದೆ. ನನ್ನದೇ ಮೊದಲ ಪಾಠ ನೆನಪಾಗಿ ಮುಚ್ಚಿದೆ. ಗಾಳಿ ಬಂದದ್ದು ನಿಜ. ವ್ಯಾನಿನ ಕಿಟಕಿ ತೆರೆದಿತ್ತು.

ಶನಿವಾರ ಸೈಕಲ್ ಹತ್ತಿದೆ. ಸೇತುವೆಯವರೆಗೂ ಹೋಗಲಿಲ್ಲ. ಉಳಿದ ವಾರವೆಲ್ಲ ಶೆಟ್ಟರ ಹೋಟೆಲಿನಲ್ಲಿ ಕಪ್ಪಾದ ಗೋಡೆಗೆ ಸುಣ್ಣ ಬಳಿದೆ. ಸೈಕಲ್ಲನ್ನು ಅವರೇ ಇಟ್ಟುಕೊಂಡರು. ಅದಕ್ಕೆ ಹಿಂದೆ ಒಂದು ಕೆಂಪು ಪೆಟ್ಟಿಗೆ ಕೂರಿಸಿ ಮನೆಮನೆಗೆ ಇಡ್ಲಿ ಕಳಿಸುತ್ತಾರೆ. ನನ್ನ ಕಾಲದಲ್ಲಿ ಕಾಣದ ಊರುಗಳನ್ನೆಲ್ಲ ಅದು ಈಗ ಕಾಣುತ್ತಿದೆಯಂತೆ. ಸುಧಾ ನಿಶ್ಚಿತಾರ್ಥಕ್ಕೆ ಪಕ್ಕದ ಮನೆಯವರ ಸೀರೆ ಉಟ್ಟು ಹೋದಳು. ಆ ಫೋಟೋಗಳಿರುವುದರಿಂದ ಅದನ್ನು ನೆನಪಿನ ಮೋಸ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಈ ವರ್ಷದ ಖಂಡೇನವಮಿಗೂ ಸುಧಾ ತಟ್ಟೆ ಜೋಡಿಸಿದಳು. ಕಪಾಟಿನ ಕೀಲಿಕೈ ಈಗ ಅವಳ ಸೊಂಟದಲ್ಲಿರುತ್ತದೆ. ಅದಕ್ಕೆ ಪೂಜೆ ಅಲ್ಲಿಯೇ. ತಟ್ಟೆಯ ನಡುವೆ ಸೈಕಲ್ಲಿನ ಕೀಲಿಕೈ ಇತ್ತು. ಅದರ ಬೀಗವೇ ಈಗ ಇಲ್ಲವಲ್ಲ ಎಂದೆ.

“ಬೀಗ ಇಲ್ದಿದ್ರೇನ್ರೀ? ಈ ವರ್ಷ ನಿಮ್ಮನ್ನ ಮನ್ಯಾಗ ಕೀಲಿ ಹಾಕಿ ಇಟ್ಟಿದ್ದು ಅದ,” ಎಂದು ಅದಕ್ಕೆ ಎರಡು ಹೂ ಹೆಚ್ಚಿಗೆ ಏರಿಸಿದಳು.

ಮಂಗಳಾರತಿಯ ಹೊತ್ತಿಗೆ ನಾನು ಕಣ್ಣು ಮುಚ್ಚಿ ಡ್ಯಾನ್ಯೂಬ್ ದಡದ ಸವಾರಿಯನ್ನು ನೆನೆದೆ. ನದಿ ಬಂತು, ಸೇಬಿನ ಗಿಡ ಬಂತು, ಕೂದಲಿಗೆ ಗಾಳಿಯೂ ಬಂತು. ಎಲ್ಲದರ ಹಿಂದೆ, ಸಣ್ಣಗೆ, ನೀರುಳ್ಳಿಯ ವಾಸನೆಯೂ ಬಂತು.