ಕಸದ ಗಾಡಿಯಲ್ಲಿ ಅಪ್ಪನ ಕೆಮ್ಮು

ಆಣೆ ಮಾಡಿ ಹೇಳ್ತೀನಿ ತಂಗೀ, ಈ ಸಲ ಈ ಅಜ್ಜನ ಬಾಯಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಹೋದ ಸಲದ ಈಲ್ ಮೀನಿನ ಕಥೆ ಬಿಡು, ಅದು ಬೇರೆ. ನೀನು ಟೀ ಬಗ್ಗಿಸ್ತಾ ಇರು, ನಾನು ಹೇಳ್ತಾ ಹೋಗ್ತೀನಿ.

ಸತ್ಯ ಸಂಗತಿ ಏನಪ್ಪಾ ಅಂದ್ರೆ, ತೈಪೆ ನಗರದಿಂದ ಹೊಳೆಯಾಚೆ ಇರೋ ನಮ್ಮ ಓಣಿಗೆ ಬುಧವಾರ, ಭಾನುವಾರ ಬಿಟ್ಟು ಪ್ರತಿ ಸಂಜೆ ಕಸದ ಗಾಡಿ ಹಾಡು ಹಾಕ್ಕೊಂಡು ಬರುತ್ತೆ. ಹಾಡು ಕೇಳಿದ ನಾಗರಿಕರು ಕಸದ ಸಮೇತ ಹೊರಗೆ ಬರತಕ್ಕದ್ದು. ಇದು ಕಾನೂನು.

ಈ ಓಣೀಲಿ ಕೋ ಥಿಯನ್‌ಫು ಅಂತ ಒಬ್ಬ, ಕೊಡೆ ಕಾರ್ಖಾನೆಯಿಂದ ರಿಟೈರಾದೋನು. ಅವನ ಆಸ್ತಿ ಅಂದ್ರೆ ಒಂದು ಹಾಡಿನ ಪೆಟ್ಟಿಗೆ. ಸರ್ವರ್ ಅಂತಾರಲ್ಲ, ಅದು. ಜೀವಮಾನವಿಡೀ ಕೂಡಿಟ್ಟ ಸಂಗೀತವೆಲ್ಲ ಅದರ ಹೊಟ್ಟೇಲಿ. ಅವನಪ್ಪ ಗುಡಿ ಅಂಗಳದಲ್ಲಿ ಊದಿದ ಪೀಪಿನೂ ಅದ್ರಲ್ಲೇ ಇತ್ತು. ಊದೋಕೆ ಮುಂಚೆ ಅಪ್ಪ ಒಂದ್ಸಲ ಗಟ್ಟಿಯಾಗಿ ಕೆಮ್ಮಿದ್ದ, ಆ ಕೆಮ್ಮೂ ಸೇರಿ. ಭೂಮಿ ಮೇಲೆ ಬೇರೆಲ್ಲೂ ಅದರ ನಕಲಿಲ್ಲ.

ಪೆಟ್ಟಿಗೆಗೆ ವಯಸ್ಸಾಯ್ತು. ಒಳಗಿನ ಫ್ಯಾನು ಹಾಡಿನ ನಡುವೆ ಗೊರಕೆ ಹೊಡೆಯೋಕೆ ಶುರು ಮಾಡ್ತು. ಕೋ ಒಂದು ಸ್ಕೂಟರ್ ಬೆಲೆಯಷ್ಟು ದುಡ್ಡು ಸುರಿದು ಹೊಸದು ತಂದ. ತಾನೇ ಕೂತು ಹಾಡೆಲ್ಲ ಸಾಗಿಸಿದ. ಪರದೆ ಮೇಲೆ ಹಾಡುಗಳ ಹೆಸರು ಸಾಲುಸಾಲಾಗಿ ಮೂಡಿದ್ವು. ಬಂದಿದ್ದು ಹೆಸರು ಮಾತ್ರ. ಹಾಡುಗಳು ಹಳೇ ಪೆಟ್ಟಿಗೇಲೇ ಕಾಲು ಚಾಚ್ಕೊಂಡು ಮಲಗಿದ್ವು. ಅದು ಅವನಿಗೆ ತಿಳೀಲಿಲ್ಲ.

ಧ್ವನಿ ರಸಿಕರ ಸಂಘದ ಗೆಳೆಯರನ್ನ ಕರೆಸಿ ಹೊಸದನ್ನ ಹಚ್ಚಿದ. ಎಲ್ಲರೂ ಕಣ್ಮುಚ್ಚಿ ಕೂತ್ರು.

“ಎಂಥಾ ಮೌನ ಕಣೋ,” ಅಂದ ಒಬ್ಬ.

“ಹಳೇದ್ರಲ್ಲಿ ಈ ಶುದ್ಧಿ ಎಲ್ಲಿತ್ತು?” ಅಂದ ಇನ್ನೊಬ್ಬ, ಕಣ್ಣೊರೆಸ್ಕೊಂಡು.

ಸೀಬೆಹಣ್ಣು ಹೆಚ್ಚಿ ತಂದ ಕೋ ಹೆಂಡತಿ ಬೀಶಿಯಾ ಸ್ವಲ್ಪ ಹೊತ್ತು ನಿಂತು ನೋಡಿದಳು. “ರೀ, ಹಾಡು ಯಾವಾಗ ಶುರುವಾಗುತ್ತೆ?”

“ನಿನ್ನ ಕಿವಿ ಇನ್ನೂ ಪಳಗಿಲ್ಲ, ಸುಮ್ನಿರು.”

ಸಂಘ ಅಲ್ಲೇ ಠರಾವು ಪಾಸು ಮಾಡ್ತು: “ಸದರಿ ಯಂತ್ರದ ಧ್ವನಿಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ.” ಠರಾವಾದ ಮೇಲೆ ಹಳೇದ್ಯಾಕೆ ಅಂತ ಬೀಶಿಯಾ ಅವತ್ತು ಸಂಜೆ ಅದನ್ನ ಕಸದ ಗಾಡಿಗೆ ಕೊಟ್ಟಳು. ಗಾಡಿಯ ಹಾಡಿನ ಯಂತ್ರ ಕೆಟ್ಟು ಕೂತಿತ್ತು. ಗಾಡಿಯವರು ಇದನ್ನೇ ತಗುಲಿಸ್ಕೊಂಡ್ರು.

ಮಾರನೇ ಸಂಜೆ ಕೋ ನೂಡಲ್ ತಿಂತಾ ಇದ್ದ. ಓಣಿ ಮೂಲೇಲಿ ಯಾರೋ ಗಟ್ಟಿಯಾಗಿ ಕೆಮ್ಮಿದ್ರು. ಹಿಂದೇನೇ ಪೀಪಿ.

“ಅಪ್ಪ ಬಂದ,” ಅಂದ ಕೋ.

“ನಿಮ್ಮಪ್ಪ ಹೋಗಿ ಯಾವ ಕಾಲವಾಯ್ತು. ಬಂದಿರೋದು ಕಸದ ಗಾಡಿ. ಆ ಚೀಲ ಕೊಟ್ಬನ್ನಿ.”

ಬೆಳಗಾಗ್ತಿದ್ದಂಗೆ ಕೋ ಕಸದ ಕಚೇರಿಗೆ ಓಡಿದ. ಅಲ್ಲಿನ ಷಿಯಾವ್ ಸಾಹೇಬ್ರು ಕೂರಿಸಿ, ಟೀ ಕೊಟ್ಟು, ಕಾನೂನು ಹೇಳಿದ್ರು.

“ನೋಡಿ ದೊಡ್ಡಪ್ಪ, ಗಾಡಿ ಹತ್ತಿದ್ದು ಕಸ. ಕಸವನ್ನ ನಾಗರಿಕರಿಗೆ ಕೊಟ್ರೆ ನಾವೇ ಬೀದೀಲಿ ಕಸ ಹಾಕಿದಂಗಾಗುತ್ತೆ. ದಂಡ ನಮಗೇ ಬೀಳುತ್ತೆ.”

“ಅದ್ರಲ್ಲಿ ನಮ್ಮಪ್ಪ ಇದ್ದಾರೆ ಸಾಹೇಬ್ರೇ.”

“ತಂದೆಯವರು ಈಗ ಸರ್ಕಾರಿ ಸೇವೇಲಿದ್ದಾರೆ. ಸಂತೋಷಪಡಿ. ಸಂಜೆ ಹೊತ್ತು ಕೇಳೋಕೆ ಅಡ್ಡಿಯಿಲ್ಲ.”

ಕೋ ಕೇಳಿದ. ಅವನೊಬ್ಬನೇ ಅಲ್ಲ, ಓಣಿಯವರೆಲ್ಲ ಸ್ಟೂಲು ತಂದು ಕೂತು ಕೇಳಿದ್ರು, ಕಸ ಹಾಕೋದೇ ಮರೆತ್ರು. ಕಚೇರಿ ಪ್ರಕಟಣೆ ಹೊರಡಿಸ್ತು: “ಕಸವಿಲ್ಲದೆ ಸಂಗೀತ ಆಲಿಸುವುದನ್ನು ನಿಷೇಧಿಸಲಾಗಿದೆ. ಒಂದು ಚೀಲಕ್ಕೆ ಒಂದು ಹಾಡು. ಅರ್ಧ ಚೀಲದವರು ಪಲ್ಲವಿ ಮುಗಿದೊಡನೆ ಕಿವಿ ಮುಚ್ಚಿಕೊಳ್ಳತಕ್ಕದ್ದು.”

ಓಣಿ ಮುಖ್ಯಸ್ಥೆ ಲಿಯಾವ್ ಅಕ್ಕ ಮಾರನೇ ದಿನವೇ ಅಂಗಡಿ ಇಟ್ಟಳು. “ಬನ್ನಿ ಬನ್ನಿ, ನಿನ್ನೇದಲ್ಲ, ಇವತ್ತಿಂದೇ ತಾಜಾ ಕಸ. ಚಕ್ಕೋತದ ಸಿಪ್ಪೆ, ಸೀಗಡಿ ತಲೆ. ಭಾರ ನೋಡಿ ಎಷ್ಟಿದೆ. ಪೀಪಿ ಪೂರ್ತಿ ಕೇಳ್ಬಹುದು.”

ಕೋ ಮನೇಲಿದ್ದ ಕಸವೆಲ್ಲ ಖಾಲಿಯಾಯ್ತು. ಆಮೇಲೆ ಹಳೇ ಕೊಡೆ ಹೋದ್ವು, ಚಪ್ಪಲಿ ಹೋದ್ವು, ಸಂಘದ ಠರಾವೂ ಹೋಯ್ತು. ಪೀಪಿ ಮಾತ್ರ ಯಾವತ್ತೂ ಪೂರ್ತಿ ಕೇಳಿಸ್ಲಿಲ್ಲ. ಅಪ್ಪ ಕೊನೇ ಉಸಿರು ಎಳೆದು ಊದೋ ಹೊತ್ತಿಗೆ ಚೀಲ ಮುಗಿದಿರೋದು, ಇಲ್ಲಾ ಡ್ರೈವರ್ ಇಂಜಿನ್ ಗುರುಗುಟ್ಟಿಸಿ ಹೊರಟಿರೋನು.

ಕೊನೆಗೆ ಒಂದು ಬುಧವಾರ ಗಾಡಿ ಬಂತು. ಕೆಮ್ಮು ಕೇಳಿ ಓಣಿಯವರೆಲ್ಲ ಶಿಸ್ತಾಗಿ ಚೀಲ ಹಿಡ್ಕೊಂಡು ನಿಂತ್ರು. ಕೈಲಿ ಕಸ ಇಲ್ಲದೆ ಕೋ ಒಳಗೆ ಹೋದ, ಆ ಸ್ಕೂಟರ್ ಬೆಲೆಯ ಹೊಸ ಪೆಟ್ಟಿಗೆ ಎತ್ಕೊಂಡು ಬಂದ.

“ಇದು ಕಸಾನಾ ದೊಡ್ಡಪ್ಪ?” ಅಂತ ಕೇಳಿದ ಗಾಡಿಯವನು.

“ಯಾವುದೇ ದೋಷವಿಲ್ಲದ ಕಸ.”

ಗಾಡಿಯವನು ತೂಗಿ ನೋಡಿ ಆಗಲಿ ಅಂತ ತಲೆಯಾಡಿಸಿದ. ಬೀಶಿಯಾ ಗಂಡನಿಗೊಂದು ಸ್ಟೂಲು ತಂದಿಟ್ಟು, ತಾನೂ ಪಕ್ಕದಲ್ಲಿ ಕೂತಳು. ಅವತ್ತು ತಂಗೀ, ಆ ಪೀಪಿ ಮೊದಲಿಂದ ಕೊನೇವರೆಗೆ ಕೇಳಿಸ್ತು. ಕೊನೇ ಉಸಿರು ಎಳೆದಿದ್ದೂ ಕೇಳಿಸ್ತು.

“ಅಜ್ಜಾ, ಬುಧವಾರ ಕಸದ ಗಾಡಿ ಬರಲ್ಲ ಅಂತ ನೀನೇ ಅಲ್ವಾ ಹೇಳಿದ್ದು?”

“ಅದಕ್ಕೇ ಮತ್ತೆ, ಇಂಜಿನ್ ಸದ್ದೇ ಇರ್ಲಿಲ್ಲ.”